ಎಳೆ ಅಂದಳೋ, ಎಳಿ ಅಂದಳೋ

ನಮ್ಮ ಮನೆಯ ಬೆಕ್ಕು ಹಾಲು ಕುಡಿಯುತ್ತಿರಲಿಲ್ಲ. ಹೇಳಿದರೆ ಯಾರೂ ನಂಬುವುದಿಲ್ಲ, ನಂಬದಿದ್ದರೆ ಬಿಡಿ. ಬಟ್ಟಲಲ್ಲಿ ಹಾಲು ಹಾಕಿ ಮುಂದಿಟ್ಟರೆ ಒಂದು ಸಲ ಮೂಸಿ, ಮುಂಗಾಲಿನಿಂದ ಬಟ್ಟಲ ಸುತ್ತ ನೆಲ ಕೆರೆದು, ಗಲೀಜಿನ ಮೇಲೆ ಮಣ್ಣು ಮುಚ್ಚುವ ಹಾಗೆ ಮಾಡಿ ಎದ್ದು ಹೋಗುತ್ತಿತ್ತು. ನನ್ನ ತವರಿನಿಂದ ಬಂದ ಗಟ್ಟಿ ಹಾಲು ಅದು. ಅದಕ್ಕೆ ಈ ಮರ್ಯಾದೆ ನೋಡಿ ನನಗೆ ಮೈಯೆಲ್ಲ ಉರಿಯುತ್ತಿತ್ತು.

ಅದೇ ಬೆಕ್ಕು ಸೌತೆಕಾಯಿಯ ತೊಟ್ಟಿನ ಕಹಿ ತುಂಡಿಗೆ ಪ್ರಾಣ ಬಿಡುತ್ತಿತ್ತು. ಬೇಯಿಸಿದ ಕಡಲೆಕಾಯಿ ಕೊಟ್ಟರೆ ಬೀಜ ಬಿಟ್ಟು ಸಿಪ್ಪೆಯ ಉಪ್ಪು ನೆಕ್ಕುತ್ತಿತ್ತು. ಅವರೆಕಾಯಿ ಕಾಲದಲ್ಲಿ ನಾವೆಲ್ಲ ಕುಳಿತು ನೆನೆಸಿದ ಕಾಳು ಹಿತಕುವಾಗ ಬೆರಳ ಸಂದಿಯಿಂದ ಬೇಳೆ ಪುಳಕ್ಕನೆ ಹಾರಿದರೆ, ನೆಲ ಮುಟ್ಟುವ ಮೊದಲೇ ಅದು ಬೆಕ್ಕಿನ ಬಾಯಲ್ಲಿ. ತಿಂದಿದ್ದರೆ ಸುಮ್ಮನಿರಬಹುದಿತ್ತು. ತಿನ್ನದೆ ಒಂದೊಂದನ್ನೇ ಒಯ್ದು ನನ್ನ ಚಪ್ಪಲಿಯೊಳಗೆ ಹಾಕಿ ಬರುತ್ತಿತ್ತು. ಮನೆಯಲ್ಲಿ ಅಷ್ಟು ಜೋಡಿ ಚಪ್ಪಲಿ ಇದ್ದವು, ಅದಕ್ಕೆ ನನ್ನದೇ ಬೇಕು.

ರಾಗಿ ಮುದ್ದೆಯ ವಿಷಯಕ್ಕೆ ಬಂದರಂತೂ ಅದರ ಠೀವಿ ನೋಡಬೇಕಿತ್ತು. ಮುದ್ದೆಯನ್ನು ಗೋಲಿಯಷ್ಟು ಉಂಡೆ ಮಾಡಿ, ಬಸ್ಸಾರಿನಲ್ಲಿ ಅದ್ದಿ, ಅಕ್ಕನೇ ತನ್ನ ಕೈಯಾರೆ ಕೊಡಬೇಕು. ಅಕ್ಕ ಎಂದರೆ ನನ್ನ ಒಡಹುಟ್ಟಿದವಳಲ್ಲ, ಓರಗಿತ್ತಿ, ನನ್ನ ಗಂಡನ ಅಣ್ಣನ ಹೆಂಡತಿ. ಅದೇ ಮುದ್ದೆ, ಅದೇ ಸಾರು, ಅದೇ ಗಾತ್ರ. ನಾನು ಕೊಟ್ಟರೆ ಮುಖ ತಿರುಗಿಸುತ್ತಿತ್ತು.

“ನಿನ್ ಕೈಯಲ್ಲಿ ಸಿಟ್ಟು ಐತೆ ಕಣೆ, ಅದ್ಕೆ ವಾಸ್ನೆ ಗೊತ್ತಾಗ್ತದೆ,” ಎಂದು ಅಕ್ಕ ನಗುತ್ತಿದ್ದಳು.

“ಹೂಂ, ನಿನ್ ಕೈಯಲ್ಲಿ ಸಕ್ರೆ ಸುರೀತೈತೆ,” ಎಂದು ನಾನು ಪಾತ್ರೆ ಕುಕ್ಕುತ್ತಿದ್ದೆ. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂಬುದು ಸುಳ್ಳಲ್ಲ.

ಬೆಕ್ಕು ಒಂದೇ ಹಾಗೆ ಮಾಡಿದ್ದರೆ ನಾನು ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ನನ್ನ ಮಗಳೂ ಹಾಗೆಯೇ ಮಾಡಿದಳು. ಅಕ್ಕನಿಗೆ ಮಕ್ಕಳಾಗಲಿಲ್ಲ. ನಾನು ಬಾಣಂತನ ಮುಗಿಸಿ ತವರಿನಿಂದ ಬಂದ ದಿನ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡವಳು ಮತ್ತೆ ಇಳಿಸಲೇ ಇಲ್ಲ. ಸ್ನಾನ ಮಾಡಿಸಲು ದೊಡ್ಡಮ್ಮ, ಜಡೆ ಹಾಕಲು ದೊಡ್ಡಮ್ಮ, ಹೊಟ್ಟೆ ನೋವೆಂದರೆ ದೊಡ್ಡಮ್ಮ. ಮಲಗುವುದು ದೊಡ್ಡಮ್ಮನ ಮಗ್ಗುಲಲ್ಲೇ. ಬೆಕ್ಕು ಮಗಳ ಕಾಲ ಹತ್ತಿರ ಸುರುಳಿ ಸುತ್ತಿಕೊಳ್ಳುತ್ತಿತ್ತು. ಮೂವರಿಗೂ ಒಂದೇ ಚಾಪೆ. ನಾನು ಬಾಗಿಲಲ್ಲಿ ನಿಂತು, “ಲೇ, ನಿನ್ನ ಹೆತ್ತೋಳು ನಾನು ಕಣೆ,” ಎಂದರೆ, “ಗೊತ್ತಮ್ಮಾ, ನೀನು ಹೋಗು,” ಎನ್ನುತ್ತಿದ್ದಳು. ಎಲ್ಲರೂ ನಗುತ್ತಿದ್ದರು, ನಾನೂ ನಗುತ್ತಿದ್ದೆ. ಒಳಗೆ ಚುರ್ ಎನ್ನುತ್ತಿತ್ತು.

ನಾವಿದ್ದದ್ದು ದೊಡ್ಡಬಳ್ಳಾಪುರದಲ್ಲಿ. ಮನೆಯ ಹಿಂದೆ ಶೀಟು ಹೊದಿಸಿದ ಶೆಡ್ಡು, ಅದರಲ್ಲಿ ರೇಷ್ಮೆ ಸೀರೆ ನೇಯುವ ನಾಲ್ಕು ಪವರ್‌ಲೂಮು. ಭಾವ ಮತ್ತು ನನ್ನ ಗಂಡ ಸೀರೆ, ನೂಲು ಎಂದು ಹೊರಗೆ ಓಡಾಡುತ್ತಿದ್ದರು. ಶೆಡ್ಡಿನೊಳಗೆ ನಾವಿಬ್ಬರು. ಅಕ್ಕ ಮಗ್ಗದ ಮನೆಯಲ್ಲೇ ಹುಟ್ಟಿ ಬೆಳೆದವಳು, ನಡೆಯಲು ಕಲಿಯುವ ಮೊದಲೇ ಮಗ್ಗದ ಸದ್ದು ಕೇಳಿದವಳು. ನಾನು ಮಧುರೆ ಕಡೆಯ ಬೇಸಾಯದ ಮನೆಯವಳು. ಮದುವೆಯಾಗಿ ಬರುವವರೆಗೂ ನೂಲೆಂದರೆ ಹೂ ಕಟ್ಟುವ ದಾರ ಎಂದುಕೊಂಡಿದ್ದೆ. ಲಾಳಿಯೊಳಗೆ ಕೂರುವ ಕಡ್ಡಿಗೆ ನೂಲು ಸುತ್ತುವುದು, ಅಂದರೆ ಕಂಡಿಕೆ ಸುತ್ತುವುದು, ನನ್ನ ಪಾಲಿನ ಕೆಲಸವಾಗಿತ್ತು.

ಬೆಕ್ಕು ಸಾಕಿದ್ದು ಇಲಿಗಾಗಿ. ಇಲಿಗೆ ರೇಷ್ಮೆಯ ಮೇಲೆ ಅದೇನು ದ್ವೇಷವೋ, ಹತ್ತು ನಿಮಿಷ ಸಿಕ್ಕರೆ ಸಾಕು, ಒಂದು ಸೀರೆಯ ಹಾಸನ್ನೇ, ಅಂದರೆ ಮಗ್ಗದ ಉದ್ದಕ್ಕೂ ಬಿಗಿದ ನೂಲನ್ನೇ, ಹಾಳು ಮಾಡಿಬಿಡುತ್ತದೆ. ಬೆಕ್ಕು ಬಂದ ಮೇಲೆ ಇಲಿಯ ಕಾಟ ನಿಂತಿತು, ಬೆಕ್ಕಿನ ಕಾಟ ಶುರುವಾಯಿತು. ಸಂಪಿನ ಮುಚ್ಚಳ ಅರ್ಧ ತೆರೆದಿದ್ದಾಗ ಒಳಗೆ ಬಿತ್ತು, ಅಕ್ಕ ಬಕೆಟ್ಟು ಇಳಿಬಿಟ್ಟು ಎತ್ತಿದಳು. ಬಿಸಿ ಆರದ ಒಲೆಯ ಮೇಲೆ ಕುಳಿತು ಹೊಟ್ಟೆಯ ಕೂದಲು ಸುಟ್ಟುಕೊಂಡಿತು. ಪಕ್ಕದ ಮನೆಯವರು ಇಲಿ ಪಾಷಾಣ ಇಟ್ಟರೆಂದು ಗೊತ್ತಾದ ದಿನ ಅಕ್ಕ ಅವರ ಬಾಗಿಲಿಗೇ ಹೋಗಿ ಜಗಳ ಆಡಿ ಬಂದಳು. ಜೋರು ದನಿಯಲ್ಲಿ ಮಾತಾಡದವಳು ಅವತ್ತು ಬೀದಿಗೆಲ್ಲ ಕೇಳುವ ಹಾಗೆ ಕೂಗಿದ್ದಳು.

ಇಷ್ಟೆಲ್ಲಕ್ಕಿಂತ ಅಕ್ಕ ಹೆದರುತ್ತಿದ್ದದ್ದು ಒಂದಕ್ಕೇ. ಬೆಕ್ಕು ನೂಲು ತಿನ್ನುತ್ತಿತ್ತು. ರಬ್ಬರ್ ಬ್ಯಾಂಡು, ಪೊರಕೆ ಕಡ್ಡಿ, ಪ್ಲಾಸ್ಟಿಕ್ ಕವರ್ ಏನು ಸಿಕ್ಕರೂ ಜಗಿಯುವ ಚಟ ಅದಕ್ಕೆ. ಆದರೆ ರೇಷ್ಮೆಯ ತುಂಡು ಕಂಡರೆ ಕಣ್ಣು ದೊಡ್ಡದಾಗುತ್ತಿತ್ತು. ಸಂಜೆ ಮಗ್ಗ ನಿಂತ ಮೇಲೆ ಅಕ್ಕ ಎರಡು ಸಲ ಕಸ ಗುಡಿಸಿ, ಕೊನೆಗೆ ಒದ್ದೆ ಕೈಯನ್ನು ನೆಲದ ಮೇಲೆ ಸವರಿ, ಅಂಟಿದ ನೂಲನ್ನೆಲ್ಲ ಬಿಸ್ಕತ್ತಿನ ಹಳೇ ತಗಡು ಡಬ್ಬಕ್ಕೆ ತುಂಬಿ ಮುಚ್ಚಳ ಒತ್ತುತ್ತಿದ್ದಳು. “ಒಂದ್ ಚೂರೂ ಬಿಡ್ಬಾರ್ದು ಕಣೆ. ಹೊಟ್ಟೆಗೆ ಹೋದ್ರೆ ಸತ್ತೋಗ್ತೈತೆ,” ಎನ್ನುತ್ತಿದ್ದಳು. ನಾನು, “ಮಗು ನೋಡ್ಕೊಂಡಂಗೆ ನೋಡ್ಕೊಂತೀಯಲ್ಲಾ,” ಎಂದು ಹಂಗಿಸುತ್ತಿದ್ದೆ.

ಇಲ್ಲಿ ಶೆಡ್ಡಿನ ಮಾತಿನ ಬಗ್ಗೆ ಸ್ವಲ್ಪ ಹೇಳಬೇಕು. ನಾಲ್ಕು ಮಗ್ಗ ಓಡುತ್ತಿದ್ದರೆ ಪಕ್ಕದಲ್ಲಿ ನಿಂತವರ ಮಾತೂ ಕೇಳಿಸುವುದಿಲ್ಲ. ಉದ್ದ ಮಾತು ಅಲ್ಲಿ ನಡೆಯುವುದಿಲ್ಲ. ಒಂದೊಂದೇ ಪದವನ್ನು ಬಾಯಿ ಅಗಲಿಸಿ ಕೂಗಬೇಕು. ಕಂಡಿಕೆ. ಕರೆಂಟು. ಊಟ. ಇವೆಲ್ಲಕ್ಕಿಂತ ಹೆಚ್ಚಾಗಿ ಕೂಗುತ್ತಿದ್ದದ್ದು ಎಳೆ. ಎಳೆ ಎಂದು ಕೂಗಿದರೆ ನೂಲು ಕಡಿದಿದೆ, ಕೈ ನಿಲ್ಲಿಸು, ಮಗ್ಗ ನಿಲ್ಲಿಸು ಎಂದು ಅರ್ಥ. ಕೂಗು ಕೇಳದಷ್ಟು ದೂರವಿದ್ದರೆ ಸನ್ನೆ. ಎರಡೂ ಕೈಯ ಹೆಬ್ಬೆರಳು, ತೋರುಬೆರಳನ್ನು ನೂಲು ಹಿಡಿದ ಹಾಗೆ ಒಂದರ ಪಕ್ಕ ಒಂದು ತಂದು, ಸರಕ್ಕನೆ ದೂರ ಮಾಡುವುದು. ಅಕ್ಕ ನನಗೆ ಕಲಿಸಿದ ಮೊದಲ ಪಾಠವೂ ಅದೇ. “ಎಳೆ ಅಂದ ತಕ್ಷಣ ನಿಲ್ಸು. ಕಡಿದಿರೋದನ್ನ ಎಳೀಬೇಡ. ಎಳೆದ್ರೆ ಪಕ್ಕದ ನಾಕು ಹೋಗ್ತವೆ.”

ನನ್ನ ಕೈ ಕಲಿತದ್ದೇ ಬೇರೆ. ನಮ್ಮೂರಲ್ಲಿ ಎಲ್ಲವನ್ನೂ ಎಳೆಯುವುದೇ. ಬಾವಿಯ ಹಗ್ಗ ಎಳೆಯಬೇಕು, ಕಳೆ ಬುಡಸಮೇತ ಎಳೆಯಬೇಕು, ಹಸು ಈಯಲಾರದೆ ಒದ್ದಾಡಿದರೆ ಕರುವಿನ ಕಾಲು ಹಿಡಿದು ಎಳೆಯಬೇಕು. ಅಪ್ಪ ಹಿಂದೆ ನಿಂತು, “ಎಳಿ, ಎಳಿ, ಬಿಡಬೇಡ,” ಎನ್ನುತ್ತಿದ್ದರು. ಪುಸ್ತಕದಲ್ಲಿ ಬರೆದರೆ ನೂಲೂ ಎಳೆ, ಹಗ್ಗ ಎಳೆ ಎನ್ನುವ ಮಾತೂ ಎಳೆ. ನಮ್ಮ ಬಾಯಲ್ಲಿ ಮಾತ್ರ ನೂಲು ಎಳೆ, ಹಗ್ಗ ಎಳಿ. ಕೊನೆಯಲ್ಲಿ ಅಷ್ಟೇ ಅಷ್ಟು ವ್ಯತ್ಯಾಸ.

ಅವತ್ತು ಮಧ್ಯಾಹ್ನ, ಮಗಳು ಸ್ಕೂಲಿಗೆ ಹೋಗಿದ್ದಳು, ಆಗ ಅವಳಿಗೆ ಎಂಟು ವರ್ಷ. ನಾಲ್ಕೂ ಮಗ್ಗ ಓಡುತ್ತಿದ್ದವು. ತಗಡು ಡಬ್ಬದ ಮುಚ್ಚಳ ಯಾರು ತೆಗೆದಿಟ್ಟರೋ ಗೊತ್ತಿಲ್ಲ. ನಾನೇ ಇರಬೇಕು. ಕಂಡಿಕೆ ಸುತ್ತುತ್ತಾ ಕೆಳಗೆ ನೋಡಿದರೆ ಬೆಕ್ಕು ನನ್ನ ಕಾಲ ಬಳಿ ಕುಳಿತು ತಲೆ ಒದರುತ್ತಿದೆ. ಬಾಯಿಯ ಅಂಚಿನಿಂದ ಕೆಂಪು ರೇಷ್ಮೆಯ ಒಂದು ತುದಿ ಜೋತಾಡುತ್ತಿದೆ. ಎತ್ತಿಕೊಂಡು ತೊಡೆಯ ಮೇಲೆ ಒತ್ತಿ ಹಿಡಿದೆ. ಅಕ್ಕನ ಕಡೆ ಕೈ ಬೀಸಿದೆ. ಅವಳು ತಿರುಗಿ ನೋಡಿದಳು. ಎರಡೂ ಕೈ ಮಗ್ಗದ ಮೇಲಿದ್ದವು, ಸನ್ನೆ ಮಾಡಲಾಗಲಿಲ್ಲ. ಕಣ್ಣರಳಿಸಿ, ಬಾಯಿ ಅಗಲಿಸಿ ಕೂಗಿದಳು.

ನನಗೆ ಕೇಳಿಸಿದ್ದು, “ಎಳಿ!”

ಎಳೆದೆ. ಗೇಣುದ್ದ ಬಂತು. ಆಮೇಲೆ ಎಲ್ಲೋ ಸಿಕ್ಕಿಹಾಕಿಕೊಂಡ ಹಾಗೆ ಬಿಗಿಯಾಯಿತು. ಅಕ್ಕ ಮತ್ತೆ ಕೂಗಿದಳು. ನಾನು ಇನ್ನೂ ಜೋರಾಗಿ ಎಳೆದೆ. ಬೆಕ್ಕು ಕಿರುಚಿದ್ದು ಆ ಸದ್ದಿನಲ್ಲೂ ಕೇಳಿಸಿತು. ಅಷ್ಟರಲ್ಲಿ ಅಕ್ಕ ಓಡಿ ಬಂದು ನನ್ನ ಮಣಿಕಟ್ಟು ಹಿಡಿದಳು. ಅವಳ ಬಾಯಿ ಏನೋ ಹೇಳುತ್ತಲೇ ಇತ್ತು, ಮಗ್ಗಗಳು ಓಡುತ್ತಲೇ ಇದ್ದವು.

ಪಶು ಆಸ್ಪತ್ರೆಯ ಡಾಕ್ಟರು ಬೆಕ್ಕಿನ ಬಾಯಿ ತೆರೆದು ಟಾರ್ಚು ಬಿಟ್ಟು ನೋಡಿದರು. ನೂಲಿನ ಒಂದು ಭಾಗ ನಾಲಿಗೆಯ ಬುಡಕ್ಕೆ ಸುತ್ತಿಕೊಂಡಿದೆ, ಉಳಿದದ್ದು ಕರುಳಿನವರೆಗೆ ಇಳಿದಿದೆ ಎಂದರು. ಎಳೆದರೆ ಕರುಳು ಸೀರೆಯ ನಿರಿಗೆಯ ಹಾಗೆ ಮಡಿಕೆ ಮಡಿಕೆಯಾಗಿ ಸೇರಿಕೊಂಡು, ನೂಲು ಅದನ್ನು ಕೊಯ್ಯುತ್ತದಂತೆ.

“ಯಾರಮ್ಮಾ ಇದನ್ನ ಎಳೆದಿದ್ದು?” ಎಂದು ಕೇಳಿದರು.

ನಾನು ಬಾಯಿ ತೆರೆಯುವ ಮೊದಲೇ ಅಕ್ಕ, “ನಾನೇ ಸಾರ್, ಎಳಿ ಅಂತ ಕೂಗಿದ್ದು. ಅವಳಿಗೆ ಗೊತ್ತಿಲ್ಲ,” ಎಂದಳು.

ಬೆಂಗಳೂರಿಗೆ ಕರೆದೊಯ್ದು ಆಪರೇಷನ್ ಮಾಡಿಸಬೇಕು ಎಂದರು ಡಾಕ್ಟರು. ಭಾವ ಯಾರದೋ ವ್ಯಾನು ತಂದರು. ಅಕ್ಕನ ಮಡಿಲಲ್ಲಿ ಟವೆಲ್ಲಿನೊಳಗೆ ಬೆಕ್ಕು. ರಾಜಾನುಕುಂಟೆ ದಾಟುವ ಮೊದಲೇ ಅಕ್ಕ, “ಗಾಡಿ ತಿರುಗ್ಸಿ,” ಎಂದಳು. ಟವೆಲ್ಲಿನ ತುದಿಯಿಂದ ಬೆಕ್ಕಿನ ಮುಖ ಮುಚ್ಚಿದಳು. ಶೆಡ್ಡಿನ ಪಕ್ಕದ ಪರಂಗಿ ಗಿಡದ ಬುಡದಲ್ಲಿ ಹೂತೆವು.

ಮಗಳು ಸ್ಕೂಲಿನಿಂದ ಬಂದವಳು ಅತ್ತು ಅತ್ತು ಬಿಕ್ಕಳಿಕೆ ಹತ್ತಿ, ಆಮೇಲೆ ಸೊಂಟದ ಮೇಲೆ ಕೈ ಇಟ್ಟುಕೊಂಡು ನಮ್ಮಿಬ್ಬರ ಎದುರು ನಿಂತಳು. ಎಳೆದದ್ದಕ್ಕೇ ಸತ್ತದ್ದು ಎಂದು ಅವಳಪ್ಪ ಹೇಳಿಬಿಟ್ಟಿದ್ದರು. “ಯಾರು ಎಳೆದಿದ್ದು?”

ನಾನು ಸೆರಗಿನ ತುದಿ ಹಿಡಿದುಕೊಂಡು ನೆಲ ನೋಡುತ್ತಿದ್ದೆ. ಅಕ್ಕ ಅವಳ ಮುಂದೆ ಕುಕ್ಕರಗಾಲಲ್ಲಿ ಕುಳಿತಳು. “ತಪ್ಪು ನಂದು ಕಣವ್ವ. ಎಳಿ ಅಂತ ನಾನೇ ಕೂಗ್ದೆ. ನಾನು ಹೇಳಿದ್ದಕ್ಕೆ ನಿಮ್ಮಮ್ಮ ಎಳೆದ್ಲು. ನಿಮ್ಮಮ್ಮಂಗೇನು ಗೊತ್ತು ಪಾಪ.”

ಮಗಳು ಅವಳನ್ನು ದಿಟ್ಟಿಸಿ ನೋಡಿದಳು. ಆಮೇಲೆ ತನ್ನ ದಿಂಬು ಎತ್ತಿಕೊಂಡು ಬಂದು ನನ್ನ ಹಾಸಿಗೆಯ ಮೇಲೆ ಹಾಕಿದಳು.

ನನಗೆ ಖುಷಿಯಾಯಿತು. ಸುಳ್ಳು ಹೇಳಲಾರೆ, ಖುಷಿಯೇ ಆಯಿತು. ಎಂಟು ವರ್ಷ ಕಾದದ್ದು ಈಗ ಸಿಕ್ಕಿತು ಎನಿಸಿತು. ಅದರ ಮೇಲೆ ಸಿಟ್ಟು ಬೇರೆ. ಎಲ್ಲ ಗೊತ್ತಿದ್ದವಳು ಎಳಿ ಎಂದು ಯಾಕೆ ಕೂಗಬೇಕಿತ್ತು, ನನ್ನ ಕೈಯಲ್ಲಿ ಪಾಪ ಮಾಡಿಸಿದಳಲ್ಲ ಎಂದು ಒಂದು ತಿಂಗಳು ಮುಖ ಊದಿಸಿಕೊಂಡೇ ಓಡಾಡಿದೆ. ಅಕ್ಕ ದಿನಾ ಬೆಳಿಗ್ಗೆ ಬಾಚಣಿಗೆ ಹಿಡಿದು ಕಾಯುತ್ತಿದ್ದಳು. ಮಗಳು ಅವಳನ್ನು ದಾಟಿ ಬಂದು ನನ್ನ ಮುಂದೆ ಕೂರುತ್ತಿದ್ದಳು. ನನಗೆ ಜಡೆ ಹಾಕಲು ಸರಿಯಾಗಿ ಬರುತ್ತಿರಲಿಲ್ಲ, ಸೊಟ್ಟ ಸೊಟ್ಟವಾಗುತ್ತಿತ್ತು. ಆದರೂ ನನ್ನ ಹತ್ತಿರವೇ ಹಾಕಿಸಿಕೊಂಡಳು.

ತಿಂಗಳು ಕಳೆದ ಮೇಲೆ ಒಂದು ದಿನ ಅಕ್ಕನ ಪಕ್ಕದ ಮಗ್ಗ ನೋಡಿಕೊಳ್ಳಲು ನಿಂತಿದ್ದೆ. ಅವಳು ಆ ಕಡೆಯಿಂದ, “ಎಳೆ!” ಎಂದು ಕೂಗಿದಳು. ನಾನು ಯೋಚಿಸುವ ಮೊದಲೇ ನನ್ನ ಕೈ ಹೋಗಿ ಹಿಡಿ ತಳ್ಳಿ ಮಗ್ಗ ನಿಲ್ಲಿಸಿತ್ತು. ಹಾಗೇ ನಿಂತುಬಿಟ್ಟೆ. ಒಂಬತ್ತು ವರ್ಷದಲ್ಲಿ ಆ ಕೂಗನ್ನು ದಿನಕ್ಕೆ ಎಷ್ಟು ಸಲ ಕೇಳಿರಲಿಲ್ಲ ನಾನು! ಶೆಡ್ಡಿನಲ್ಲಿ ಅವಳು ಎಳಿ ಎಂದದ್ದು ಒಂದು ಸಲವೂ ಇಲ್ಲ. ಯಾಕೆಂದರೆ ಶೆಡ್ಡಿನಲ್ಲಿ ಯಾರೂ ನೂಲನ್ನು ಎಳೆಯುವುದೇ ಇಲ್ಲ. ಅವತ್ತೂ ಅವಳು ಎಳೆ ಎಂದಿದ್ದಳು. ನಿಲ್ಲಿಸು ಎಂದಿದ್ದಳು. ಎಳಿ ಎಂದು ಕೇಳಿಸಿಕೊಂಡದ್ದು ನಾನು.

ಅಂದರೆ ಅವಳು ಡಾಕ್ಟರ ಮುಂದೆ ಹೇಳಿದ್ದು ಸುಳ್ಳು. ಮಗಳ ಮುಂದೆ ಹೇಳಿದ್ದೂ ಸುಳ್ಳು. ಅವಳಿಗೆ ಅದು ಗೊತ್ತಿತ್ತು. ಈಗ ನನಗೂ ಗೊತ್ತಾಯಿತು.

ಅವತ್ತು ಸಂಜೆಯೇ ಹೇಳಬಹುದಿತ್ತು. ಹೇಳಲಿಲ್ಲ. ಇನ್ನೊಂದು ಸಲ ದೇವರೇ ದಾರಿ ಮಾಡಿಕೊಟ್ಟ ಹಾಗೆ ಮಗಳು ಕನ್ನಡ ಹೋಮ್‌ವರ್ಕು ಹಿಡಿದು ಕುಳಿತು, “ಅಮ್ಮಾ, ಎಳೆ ಅನ್ನೋದಕ್ಕೆ ನಾನಾರ್ಥ ಬರೀಬೇಕು. ದಾರ ಅಂತ ಒಂದು ಬರ್ದೆ, ಇನ್ನೊಂದೇನಮ್ಮಾ?” ಎಂದಳು. ಅಕ್ಕ ಅಲ್ಲೇ ಸೊಪ್ಪು ಬಿಡಿಸುತ್ತಿದ್ದಳು. ಅವಳ ಕೈ ನಿಂತಿತು. ನನ್ನ ಬಾಯಿಯ ತುದಿಯಲ್ಲಿತ್ತು ಮಾತು. “ಮಿಸ್ಸನ್ನೇ ಕೇಳು ಹೋಗು, ನಂಗೆ ಕೆಲಸ ಐತೆ,” ಎಂದು ಗದರಿ ಎದ್ದು ಹೋದೆ. ಹಿಂತಿರುಗಿ ನೋಡುವ ಧೈರ್ಯ ನನಗಿರಲಿಲ್ಲ.

ಮುಂದಿನ ವರ್ಷ ಮಗ್ಗ ನಿಲ್ಲಿಸಿದೆವು. ಭಾವನಿಗೆ ಸೋಂಪುರದ ಫ್ಯಾಕ್ಟರಿಯೊಂದರಲ್ಲಿ ಕೆಲಸ ಸಿಕ್ಕಿ, ಅವರಿಬ್ಬರೂ ಅಲ್ಲೇ ಬಾಡಿಗೆ ಮನೆ ಹಿಡಿದರು. ಸಾಮಾನು ತುಂಬಿದ ಗಾಡಿ ಹೊರಡುವಾಗ ಅಕ್ಕ ಒಳಗೆ ಬಂದು, “ಎಲ್ಲೇ ಅವಳು?” ಎಂದಳು. ಮಗಳು ಬಾಗಿಲ ಹಿಂದೆ ನಿಂತಿದ್ದಳು. ಅಕ್ಕನಿಗೂ ನನಗೂ ಅದು ಗೊತ್ತಿತ್ತು. “ಆಡಕ್ಕೆ ಹೋಗಿರ್ಬೇಕು,” ಎಂದೆ. ಅಕ್ಕ ಆ ಬಾಗಿಲ ಕಡೆ ನೋಡಿ, “ಜಡೆ ಬಿಗಿಯಾಗಿ ಹಾಕು, ಸಂಜೆ ಹೊತ್ಗೆ ಬಿಚ್ಚೋಗ್ತೈತೆ,” ಎಂದು ಹೇಳಿ ಗಾಡಿ ಹತ್ತಿದಳು.

ಆಮೇಲೆ ಮನೆ ಎಷ್ಟು ಸುಮ್ಮನಾಯಿತೆಂದರೆ, ನನಗೆ ನನ್ನ ಚಪ್ಪಲಿಯ ಸದ್ದೇ ದೊಡ್ಡದಾಗಿ ಕೇಳುತ್ತಿತ್ತು. ಅಡುಗೆ ಮನೆಯಲ್ಲಿ ಪಾತ್ರೆ ಕುಕ್ಕಿದರೆ ಯಾರೂ ನಗುವವರಿಲ್ಲ. ಅವರೆಕಾಯಿ ಕಾಲ ಬಂದರೆ ಒಬ್ಬಳೇ ಕುಳಿತು ಕಾಳು ಹಿತಕಿ, ಎದ್ದು ಚಪ್ಪಲಿಗೆ ಕಾಲು ಹಾಕುವ ಮೊದಲು ಈಗಲೂ ಒಮ್ಮೆ ಒದರಿ ನೋಡುತ್ತೇನೆ. ಏನೂ ಇರುವುದಿಲ್ಲ. ಮದುವೆ ಮುಂಜಿಗಳಲ್ಲಿ ಅಕ್ಕ ಸಿಗುತ್ತಿದ್ದಳು. ನಾವು ಅಡುಗೆ ಹೇಗಿತ್ತು, ಯಾರು ಬಂದಿಲ್ಲ ಎಂದು ಮಾತಾಡುತ್ತಿದ್ದೆವು. ಮಗಳು ದೂರದಿಂದಲೇ ಚೆನ್ನಾಗಿದೀರಾ ಎಂದು ಬಹುವಚನದಲ್ಲಿ ಕೇಳುತ್ತಿದ್ದಳು. ಅಕ್ಕನಿಗೆ ಆ ಬಹುವಚನ ಎಲ್ಲಿ ತಾಗುತ್ತಿತ್ತೆಂದು ನನಗೆ ಗೊತ್ತಿತ್ತು.

ಈಗ ಮಗಳಿಗೆ ಹತ್ತೊಂಬತ್ತು, ಡಿಗ್ರಿ ಓದುತ್ತಾಳೆ. ಎರಡು ತಿಂಗಳ ಕೆಳಗೆ ಗೆಳತಿಯ ಮನೆಯಿಂದ ಒಂದು ಬೆಕ್ಕಿನ ಮರಿ ತಂದಳು. ತಂದ ದಿನವೇ ಫೋನು ಹಿಡಿದು ನನಗೆ ಪಾಠ ಶುರು ಮಾಡಿದಳು. ಈರುಳ್ಳಿ, ಬೆಳ್ಳುಳ್ಳಿ ಬೆಕ್ಕಿಗೆ ವಿಷವಂತೆ. ಹಸುವಿನ ಹಾಲು ಎಷ್ಟೋ ಬೆಕ್ಕಿಗೆ ಆಗುವುದಿಲ್ಲವಂತೆ. ಫಿನೈಲು ಹಾಕಿದ ನೆಲದ ಮೇಲೆ ಬಿಡಬಾರದಂತೆ.

“ಹಂಗಾದ್ರೆ ನಮ್ಮ ಹಳೇ ಬೆಕ್ಕು ಆರು ವರ್ಷ ಬಸ್ಸಾರಿನ ವಿಷ ತಿಂದು ಬದುಕಿತ್ತು,” ಎಂದೆ.

ಅವಳು ನಕ್ಕಳು. ಹಾಗೇ ಫೋನು ಸರಿಸುತ್ತಾ, “ಎಲ್ಲಕ್ಕಿಂತ ಡೇಂಜರ್ ದಾರ ಅಂತಮ್ಮ. ಬಾಯಿಂದ ಹೊರಗೆ ಕಾಣಿಸಿದ್ರೂ ಎಳೀಬಾರ್ದಂತೆ,” ಎಂದಳು. ಮರಿಯ ಬೆನ್ನು ಸವರುತ್ತಾ, “ಅಷ್ಟು ವರ್ಷ ಮಗ್ಗದಲ್ಲಿದ್ದೋರು, ದೊಡ್ಡಮ್ಮ ಅವತ್ತು ಹೆಂಗೆ ಎಳಿ ಅಂದ್ರೋ. ನಂಗೆ ಇವತ್ತಿಗೂ ಅರ್ಥ ಆಗಲ್ಲ,” ಎಂದಳು.

ಹನ್ನೊಂದು ವರ್ಷವಾದರೂ ಅವಳ ದನಿಯಲ್ಲಿ ಆ ಗಂಟು ಹಾಗೇ ಇತ್ತು. ನಾನು ಮತ್ತೆ ಮಾತನ್ನು ಒಳಗೇ ಅದುಮಿಕೊಂಡೆ. ಆದರೆ ಈ ಸಲ ಅನ್ನ ಸೇರಲಿಲ್ಲ. ಮಾರನೆಯ ದಿನ ಮಗಳು ಕಾಲೇಜಿಗೆ ಹೋದ ಮೇಲೆ ಡಾಬಸ್‌ಪೇಟೆಯ ಬಸ್ಸು ಹತ್ತಿ, ಅಲ್ಲಿಂದ ಆಟೋ ಹಿಡಿದು ಸೋಂಪುರಕ್ಕೆ ಹೋದೆ.

ಅಕ್ಕನ ಕಿವಿ ಪೂರ್ತಿ ಹೋಗಿತ್ತು. ಮಗ್ಗದ ಸದ್ದು ಅದನ್ನು ವರ್ಷ ವರ್ಷವೂ ಅಷ್ಟಷ್ಟೇ ತಿಂದು ಮುಗಿಸಿತ್ತು. ಬಾಯಿಯ ಆಕಾರ ನೋಡಿ ಅರ್ಧ ಊಹಿಸುತ್ತಾಳೆ. ಕಾಫಿ ಕೊಟ್ಟಳು. ಅವಳೊಬ್ಬಳೇ ಇದ್ದಳು, ಭಾವ ಶಿಫ್ಟಿಗೆ ಹೋಗಿದ್ದರು. ಹೊಲಿಗೆ ಮಿಷನ್ನಿನ ಮೇಲೆ ಅದೇ ತಗಡು ಡಬ್ಬ, ಮುಚ್ಚಳ ಒತ್ತಿ ಇಟ್ಟಿತ್ತು. ಕೆಳಗೆ ನೆಲದ ಮೇಲೆ ಒಂದು ಚೂರು ದಾರವಿಲ್ಲ.

“ಬೆಕ್ಕು ಸಾಕಿದೀಯಾ?” ಎಂದು ಕೈ ಆಡಿಸಿ ಕೇಳಿದೆ.

“ಇಲ್ಲ ಕಣೆ. ಅಭ್ಯಾಸ, ಅಷ್ಟೆ.”

ಲೋಟ ಕೆಳಗಿಟ್ಟು, ಅವಳ ಮುಖದ ಹತ್ತಿರ ಬಗ್ಗಿ, ಹನ್ನೊಂದು ವರ್ಷ ನುಂಗಿಕೊಂಡದ್ದನ್ನು ಹೇಳಿದೆ. “ಅಕ್ಕಾ, ಅವತ್ತು ನೀನು ಎಳೆ ಅಂದಿದ್ದೆ.”

ಅವಳು ನನ್ನ ಬಾಯಿಯನ್ನೇ ನೋಡುತ್ತಿದ್ದಳು. “ಹೂಂ. ನಾನೇ ಎಳಿ ಅಂದಿದ್ದು. ಇನ್ನೂ ಅದನ್ನೇ ಹಿಡ್ಕೊಂಡು ಕೂತಿದೀಯಲ್ಲೇ. ಬಿಡು.”

“ಎಳಿ ಅಲ್ಲಕ್ಕಾ. ಎಳೆ! ಎಳೆ!” ನಾನು ಕೂಗಿದೆ. ಪಕ್ಕದ ಮನೆಯವರು ಇಣುಕುವಷ್ಟು ಜೋರಾಗಿ ಕೂಗಿದೆ.

“ಹೂಂ ಕಣೆ, ಎಳಿ ಅಂದೆ, ಒಪ್ಕೊಂಡಿದೀನಲ್ಲ,” ಎಂದಳು ಅವಳು ತಾಳ್ಮೆಯಿಂದ.

ನನಗೆ ಅಳು ಬಂತು. ಕೊನೆಗೆ ಬೇರೆ ದಾರಿ ಕಾಣದೆ ಎರಡೂ ಕೈ ಎತ್ತಿದೆ. ಹೆಬ್ಬೆರಳು, ತೋರುಬೆರಳು ಕೂಡಿಸಿ, ಎರಡೂ ಕೈಯನ್ನು ಒಂದರ ಪಕ್ಕ ಒಂದು ತಂದು, ಸರಕ್ಕನೆ ದೂರ ಮಾಡಿದೆ. ಆಮೇಲೆ ಅವಳ ಕಡೆ ಬೆರಳು ತೋರಿಸಿದೆ. ನೀನು ಹೇಳಿದ್ದು ಇದು. ನನ್ನ ಕಿವಿ ಹಿಡಿದುಕೊಂಡು ತಲೆ ಅಲ್ಲಾಡಿಸಿದೆ. ನಾನು ತಪ್ಪಾಗಿ ಕೇಳಿಸಿಕೊಂಡೆ.

ಅಕ್ಕ ನನ್ನ ಕೈಗಳನ್ನೇ ನೋಡುತ್ತಾ ಕುಳಿತಳು. ಆಮೇಲೆ ಎರಡನ್ನೂ ಹಿಡಿದು ತನ್ನ ಮಡಿಲಿಗೆ ಹಾಕಿಕೊಂಡಳು.

“ಯಾವಾಗ ಗೊತ್ತಾಯ್ತು?”

ಒಂದು ಬೆರಳು ತೋರಿಸಿ, “ಅದಾದ ಒಂದೇ ತಿಂಗಳಿಗೆ,” ಎಂದೆ.

ಅವಳ ಮುಖ ಸಣ್ಣದಾಯಿತು. ಬೈದಿದ್ದರೆ ಚೆನ್ನಾಗಿತ್ತು. “ನಿನ್ ಮುಖ ನೋಡಕ್ಕಾಗ್ಲಿಲ್ಲ ಕಣೆ ಅವತ್ತು. ಅದ್ಕೆ ಅಂದ್ಬಿಟ್ಟೆ. ಎರಡು ದಿನ ಮುನಿಸ್ಕೊಂತಾಳೆ, ಆಮೇಲೆ ಬರ್ತಾಳೆ ಅನ್ಕೊಂಡೆ,” ಎಂದಳು. ಆಮೇಲೆ, “ಮಗೂಗೆ ಹೇಳಿದೀಯಾ?” ಎಂದಳು. ಇಲ್ಲ ಎಂದು ತಲೆಯಾಡಿಸಿದೆ.

ಹೇಳಬೇಡ ಬಿಡು, ಈಗ ಯಾಕೆ ಅದೆಲ್ಲ ಎನ್ನುತ್ತಾಳೆಂದು ನಾನು ಕಾದೆ. ನಿಜ ಹೇಳುತ್ತೇನೆ, ಬಸ್ಸಿನಲ್ಲಿ ಬರುವಾಗ ಆ ಮಾತಿನ ಆಸೆ ನನ್ನ ಹೊಟ್ಟೆಯ ಯಾವುದೋ ಮೂಲೆಯಲ್ಲಿತ್ತು. ಅವಳು ಹಾಗೆನ್ನಲಿಲ್ಲ. ಮೂಗು ಒರೆಸಿಕೊಂಡು, ಕೆಳದನಿಯಲ್ಲಿ, ತನಗೇ ಕೇಳಿಸದ ದನಿಯಲ್ಲಿ, “ಹೇಳೇ. ಒಂದ್ಸಲ ಬಂದು ಹೋಗ್ಲಿ. ನಂಗೆ ನೋಡ್ಬೇಕು ಕಣೆ ಅವಳನ್ನ,” ಎಂದಳು.

ಸಂಜೆ ಮನೆಗೆ ಬಂದಾಗ ಮಗಳು ಮರಿಗೆ ಮೊಟ್ಟೆ ಬೇಯಿಸಿ ಚೂರು ಮಾಡುತ್ತಿದ್ದಳು. ಚಪ್ಪಲಿ ಬಿಡುವ ಮೊದಲೇ ಎಲ್ಲ ಹೇಳಿದೆ. ಎಳೆ, ಎಳಿ, ಮಗ್ಗದ ಹಿಡಿ, ಹೋಮ್‌ವರ್ಕು, ಬಾಗಿಲ ಹಿಂದೆ ಅವಳು ನಿಂತಿದ್ದು, ಏನನ್ನೂ ಬಿಡಲಿಲ್ಲ. ಅವಳು ಕೇಳಿದ್ದು ಒಂದೇ.

“ಅವಾಗಿಂದ ಗೊತ್ತಿತ್ತಾ ನಿಂಗೆ?”

“ಗೊತ್ತಿತ್ತು.”

ಅವಳು ಕೈ ತೊಳೆದುಕೊಂಡು ರೂಮಿಗೆ ಹೋದಳು. ಮಾರನೆಯ ಬೆಳಿಗ್ಗೆ ನನ್ನ ಜೊತೆ ಒಂದು ಮಾತೂ ಆಡದೆ ಮರಿಯನ್ನು ಬುಟ್ಟಿಯಲ್ಲಿ ಹಾಕಿಕೊಂಡು ಹೊರಟಳು. ಎಲ್ಲಿಗೆ ಎಂದು ನಾನು ಕೇಳಲಿಲ್ಲ. ಅವಳ ಜಡೆ ಬಿಚ್ಚಿತ್ತು, ಹಾಕಿಸಿಕೊಳ್ಳದೆ ಹೋದಳು.

ನಾಲ್ಕು ಗಂಟೆಗೆ ಫೋನು ಬಂತು. ಎತ್ತಿದರೆ ಆ ಕಡೆ ಒಂದೇ ಗಲಾಟೆ. “ಮುದ್ದೆ ತಿನ್ನಲ್ಲಾ ದೊಡ್ಡಮ್ಮಾ ಇದು!” ಎಂದು ಮಗಳು ಗಂಟಲು ಹರಿಯುವ ಹಾಗೆ ಕೂಗುತ್ತಿದ್ದಾಳೆ. “ತಿನ್ಸೋ ಕೈ ಬೇಕು ಕಣೇ!” ಎಂದು ಅಕ್ಕ ಅದಕ್ಕಿಂತ ಜೋರಾಗಿ ಕೂಗುತ್ತಿದ್ದಾಳೆ. “ನಿಮ್ಮಮ್ಮಂಗೆ ಹೇಳು ಮೊದ್ಲು, ಕಾಯ್ತಿರ್ತಾಳೆ,” ಎಂದದ್ದೂ ಕೇಳಿಸಿತು. ಆಮೇಲೆ ಮಗಳ ದನಿ ಹತ್ತಿರವಾಯಿತು, ತಣ್ಣಗಿತ್ತು.

“ಅಮ್ಮಾ. ಇವತ್ತು ದೊಡ್ಡಮ್ಮನ ಹತ್ರ ಮಲಗ್ತೀನಿ.”

“ಮಲ್ಕೋ ಕಣವ್ವ,” ಎಂದೆ. ಆ ಗಲಾಟೆಯಲ್ಲಿ ಅವಳಿಗೆ ಕೇಳಿಸಿತೋ ಇಲ್ಲವೋ ಗೊತ್ತಿಲ್ಲ.